ಮಜಗಾವ್‌ನ ಹಡಗು ಮ್ಯೂಸಿಯಂಗೆ ಕೈ ಹಾಕಿದ ಕಥೆ

ನಾನು ಕುಂದಾಪುರ ಕಡೆಯವನು. ಮುಂಬೈಗೆ ಬಂದು 26 ವರ್ಷ ಆಯಿತು, ಮರಗೆಲಸವೇ ಕಸುಬು. ಮಜಗಾವ್ ಹತ್ತಿರ ಹಡಗು ಕಟ್ಟಿದವರ ನೆನಪಿಗೆ ಎರಡು ಕೋಣೆಯ ಒಂದು ಸಣ್ಣ ಮ್ಯೂಸಿಯಂ ಇದೆ. ಅದನ್ನು ಹೊಸದು ಮಾಡುವ ಕೆಲಸ ಹೋದ ವರ್ಷ ನನಗೂ ನನ್ನ ಇಬ್ಬರು ಹುಡುಗರಿಗೂ ಸಿಕ್ಕಿತು.

ಬಾಗಿಲು ತೆಗೆದಾಗ ಬೂಷ್ಟಿನ ವಾಸನೆ. ಗಾಜಿನ ಪೆಟ್ಟಿಗೆಯೊಳಗೇ ಬಲ್ಬ್ ಉರಿಯುತ್ತಿತ್ತು. ಹಗಲು ಕಾವು, ಮಳೆಗಾಲಕ್ಕೆ ತೇವ, ಹೀಗಾಗಿ ಮಾದರಿ ಹಡಗಿನ ಹಲಗೆಗಳು ಬಾಯಿ ಬಿಟ್ಟಿದ್ದವು. ಮೇಲೆ ಯಾರೋ ದಪ್ಪಗೆ ವಾರ್ನಿಶ್ ಬೇರೆ ಬಳಿದಿದ್ದರು. ಹತ್ತಿ, ಸ್ಪಿರಿಟ್ ಹಿಡಿದು ಒಂದೊಂದು ಸಲಕ್ಕೆ ಹೆಬ್ಬೆರಳಗಲ ಜಾಗ ಒರೆಸುತ್ತಾ ಹೋದೆವು. ಎರಡು ತಿಂಗಳು ಹಿಡಿಯಿತು. ಆದರೆ ಅಡಿಯಿಂದ ತೇಗದ ಎಳೆ, ಸಾಸಿವೆ ಗಾತ್ರದ ಮರದ ಮೊಳೆಗಳ ತಲೆ ಮೇಲೆ ಬಂದಾಗ ಮೂವರೂ ಸುಮ್ನೆ ನೋಡುತ್ತಾ ನಿಂತುಬಿಟ್ಟೆವು. ದೀಪಗಳನ್ನು ಹೊರಗೆ ಹಾಕಿದೆವು. ಪ್ಲೈವುಡ್ ತಳ ತೆಗೆದೆವು, ಅದರಿಂದ ಬರುವ ಆಸಿಡ್ ಆವಿಗೆ ಹಿತ್ತಾಳೆ ಕೆಡುತ್ತದೆ.

ಜಾಸ್ತಿ ಚರ್ಚೆ ಆಗಿದ್ದು ಬೋರ್ಡ್‌ಗಳ ಬಗ್ಗೆ. ಹಳೆಯದರಲ್ಲಿ ಬರೀ ಹಡಗು, ಯುದ್ಧ, ಕ್ಯಾಪ್ಟನ್‌ಗಳ ಹೆಸರು. ಹಡಗು ಕಟ್ಟುವ ಮೇಸ್ತ್ರಿ ಲವ್ಜಿ ವಾಡಿಯಾ 1736ರಲ್ಲಿ ಸೂರತ್‌ನಿಂದ ಬಂದಿದ್ದು, 1750ರ ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗಿನ ಕೆಲಸ ಮಾಡುವ ಕಟ್ಟೆ), ಇಲ್ಲೇ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿರುವುದು, ಇವೆಲ್ಲ ಬೇಕು. ಆದರೆ ಇನ್ನೂರು ವರ್ಷ ಯಾಕೆ ತೇಲಿತು ಅಂತ ಹೇಳಬೇಕಲ್ವಾ? ಓಕ್ ಮರದೊಳಗಿನ ಆಸಿಡ್ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದೇ ಮೊಳೆಯನ್ನು ಕಾಯುತ್ತದೆ. ಆ ತೇಗ ಬಂದಿದ್ದು ಮಲಬಾರ್‌ನಿಂದ, ನಮ್ಮ ಕೆನರಾ ಕಾಡುಗಳಿಂದ. ನಾನು ಹಟ ಹಿಡಿದು ಆ ಸಾಲನ್ನು ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಸಿದೆ.

ಇನ್ನೊಂದು, ಜೋಡಣೆ. ಇಲ್ಲಿಯವರು ಹಲಗೆಯ ಅಂಚಿಗೆ ಮೆಟ್ಟಿಲಿನ ಹಾಗೆ ಕಚ್ಚು ತೆಗೆದು ಒಂದರೊಳಗೆ ಒಂದು ಕೂರಿಸುತ್ತಿದ್ದರು. ಅದನ್ನು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಮುಟ್ಟಬೇಕು. ಗಿರ್ಗಾಂವ್‌ನಲ್ಲಿ ಕೆಡವಿದ ಚಾಳೊಂದರ ತೇಗದ ತೊಲೆ ತಂದು ಸಿಗಿದು, ನಿಜವಾದ ಅಳತೆಯಲ್ಲೇ ಎರಡು ಹಲಗೆ ಜೋಡಿಸಿ, ಗಾಜಿಲ್ಲದೆ ಬಾಗಿಲ ಪಕ್ಕದಲ್ಲೇ ಇಟ್ಟೆ.

ತೆರೆದ ವಾರ ರತ್ನಾಗಿರಿ ಕಡೆಯ ಅಜ್ಜ ಒಬ್ಬರು ಬಂದರು. ಮರದ ದೋಣಿ ಕಟ್ಟಿದ ಕೈ. ಚಪ್ಪಲಿ ಬಿಟ್ಟು ಒಳಗೆ ಬಂದು, ಕಣ್ಣು ಮುಚ್ಚಿ, ಜೋಡಣೆ ಉದ್ದಕ್ಕೂ ಉಗುರು ಎಳೆದರು. ತುಂಬಾ ಬಿಗಿಯಾಗಿದೆ, ಸುಣ್ಣ-ಎಣ್ಣೆ ಹಚ್ಚೋಕೆ ಜಾಗವೇ ಇಲ್ಲ, ಮರ ನೀರು ಕುಡಿದು ಉಬ್ಬಿದರೆ ಎಲ್ಲಿ ಹೋಗಬೇಕು ಅಂದರು. ಮಾರನೇ ದಿನ ಉಳಿ ತಗೊಂಡು ಹೋದೆ. ಅವರು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತರು, ಅವರು ಸಾಕು ಅನ್ನುವವರೆಗೆ ನಾನು ಕೆತ್ತಿದೆ. ಈಗ ಬಾಗಿಲ ಪಕ್ಕದಲ್ಲಿರುವುದು ಅದೇ.