ಬಸ್ಸಿನಲ್ಲಿ ಕೇಳಿದ ಮಾತು ಕಥೆಗೆ ಬರುವ ತನಕ ಕೆಡದಿರಲು

ಕಥೆ ಬರೆಯಬೇಕೆಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡವರಿಗೆ ಕಾಸರಗೋಡಿನಲ್ಲಿ ಬರವಿಲ್ಲ. ತೆರೆದು ನೋಡಿದರೆ ಮಾತ್ರ ಪುಟದ ತುಂಬ ಒಂದೇ ಧಾಟಿ: 'ಇಂದು ಬಸ್ಸಿನಲ್ಲಿ ಒಬ್ಬ ಅಜ್ಜಿಯನ್ನು ಕಂಡೆ. ಮನಸ್ಸು ಕಲಕಿತು.' ಅಜ್ಜಿಯ ಮಡಿಲಲ್ಲಿ ಏನಿತ್ತು, ಕಂಡಕ್ಟರನಿಗೆ ಏನೆಂದರು, ಎಲ್ಲಿ ಇಳಿದರು, ಒಂದೂ ಇಲ್ಲ. ಆರು ತಿಂಗಳ ನಂತರ ಆ ಸಾಲಿನಿಂದ ಕಥೆ ಹುಟ್ಟುವುದಿಲ್ಲ. ಕಲಕಿದ ಮನಸ್ಸು ಅಷ್ಟರಲ್ಲಿ ತಿಳಿಯಾಗಿರುತ್ತದೆ.

ಪುಸ್ತಕ ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕದಿರಲಿ. ಜೊತೆಗೆ ಪೆನ್ಸಿಲ್. ಜೂನ್ ಹಿಡಿದರೆ ನಮ್ಮಲ್ಲಿ ಜೆಲ್ ಪೆನ್ನಿನ ಬರಹ ಒಂದು ಹನಿ ನೀರಿಗೇ ಹರಡಿಹೋಗುತ್ತದೆ. ಚರ್ಮದ ಹೊದಿಕೆಯ ದುಬಾರಿ ಡೈರಿ ಬೇಡವೇ ಬೇಡ. ಅದರಲ್ಲಿ ಗೀಚಲು ಕೈ ಬರುವುದಿಲ್ಲ, ಗೀಚದೆ ಈ ಕೆಲಸ ಆಗುವುದಿಲ್ಲ.

ಜಾಗಕ್ಕಾಗಿ ಬೇಕಲ ಕೋಟೆಗೆ ಹೋಗಬೇಕಾಗಿಲ್ಲ. ರೇಷನ್ ಅಂಗಡಿ, ವಿಲೇಜ್ ಆಫೀಸಿನ ಸಾಲು, ಕುಂಬಳೆಯ ಬಸ್ ನಿಲ್ದಾಣ ಸಾಕು.

ಹೆಚ್ಚಿನವರು ಎಡವುವುದು ಹಿಡಿಯುವ ಹಂತದಲ್ಲಿ. ಕೇಳಿದ ಮಾತಿನ ಸಾರ ದಿನಗಟ್ಟಲೆ ಉಳಿಯುತ್ತದೆ; ಆಡಿದ ರೀತಿ ನಿಮಿಷಗಳಲ್ಲಿ ಮರೆತುಹೋಗುತ್ತದೆ. ಆದ್ದರಿಂದ ಮೊದಲು ಮಾತನ್ನೇ ಬರೆಯಿರಿ, ಆಡಿದ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ. 'ಚಿಲ್ಲರ ಇಲ್ಲೇ ಅಮ್ಮೇ?' ಎಂದು ಕಂಡಕ್ಟರ್ ಮಲೆಯಾಳದಲ್ಲಿ ಕೇಳುತ್ತಾನೆ. 'ಇಜ್ಜಿ ಮಾರಾಯ' ಎಂದು ಅಜ್ಜಿ ತುಳುವಿನಲ್ಲಿ ಇಲ್ಲವೆಂದು ಹೇಳಿ, ಪಕ್ಕದವರ ಕಡೆ ತಿರುಗಿ ಕನ್ನಡದಲ್ಲಿ 'ಇವರದ್ದು ದಿನಾ ಇದೇ ರಾಗ' ಎನ್ನುತ್ತಾರೆ. ಇದನ್ನೆಲ್ಲ ಅಲ್ಲೇ ಶುದ್ಧ ಕನ್ನಡಕ್ಕೆ ಇಳಿಸಿದರೆ ಉಳಿಯುವುದು ಚಿಲ್ಲರೆಯ ಸಮಸ್ಯೆ ಮಾತ್ರ. ಯಾರು ಯಾರ ಜೊತೆ ಯಾವ ಭಾಷೆಗೆ ಹೊರಳಿದರು ಎಂಬುದರಲ್ಲಿ ಸಲಿಗೆ, ಅಂಜಿಕೆ, ಹಟ ಎಲ್ಲವೂ ಇರುತ್ತವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದ ಹೆಚ್ಚಾಗಿ ಮಲೆಯಾಳಕ್ಕೆ ತಿರುಗಿತು, ಅಂಗಳದ ಮಾತು ತಿರುಗಲಿಲ್ಲ. ಅರ್ಜಿ ತುಂಬಿಸಿಕೊಡಲು ಪಕ್ಕದವನನ್ನು ಕೇಳುವ ಹಿರಿಯರ ದನಿ ಎಷ್ಟು ತಗ್ಗುತ್ತದೆ ಎಂದು ಗಮನಿಸಿ, ಅದನ್ನೂ ಬರೆಯಿರಿ. ಮಲೆಯಾಳದ 'ೞ'ಕಾರಕ್ಕೆ ಹಳಗನ್ನಡದ ಅಕ್ಷರ ಬರೆಯಲು ಬಾರದಿದ್ದರೆ 'ಳ'ದ ಕೆಳಗೆ ಚುಕ್ಕೆ ಇಡಿ.

ಮಾತಾದ ಮೇಲೆ ಕೈ. ಮಾತನಾಡುವಾಗ ಕೈ ಏನು ಮಾಡುತ್ತಿತ್ತು? ಕೊಡೆಯ ಹಿಡಿ ತಿರುವುತ್ತಿತ್ತೇ, ಟಿಕೆಟ್ಟನ್ನು ಮಡಚುತ್ತಿತ್ತೇ? ಕೊನೆಗೆ ಒಂದು ವಸ್ತು. ಒಂದೇ ಸಾಕು.

ಅಡ್ಡದಾರಿ ಹಿಡಿಯುವವರಿಗೆ ಮೊಬೈಲ್ ಇದೆ. ಗುಟ್ಟಾಗಿ ಧ್ವನಿಮುದ್ರಣ ಮಾಡುವುದು ತಪ್ಪು. ಮಾಡಿದವರೂ ಮತ್ತೆ ಕೇಳುವುದಿಲ್ಲ. ಕನ್ನಡಕ್ಕೆ ಹೊಂದಿಸಿದ ಧ್ವನಿ ಟೈಪಿಂಗ್ ತುಳುವನ್ನು ಕನ್ನಡದ ಯಾವುದೋ ಪದ ಮಾಡಿಬಿಡುತ್ತದೆ. ಫೋಟೊ ಅಂಗಡಿಯ ಬೋರ್ಡಿಗೆ ಸರಿ, ಮನುಷ್ಯರಿಗೆ ಬೇಡ.

ಅದೇ ರಾತ್ರಿ, ಊಟಕ್ಕೆ ಮೊದಲು, ಗೀಚಿದ್ದನ್ನು ಎದುರಿನ ಖಾಲಿ ಪುಟದಲ್ಲಿ ಬಿಡಿಸಿ ಬರೆಯಿರಿ. ನಾಳೆಗೆ ಇಟ್ಟರೆ ನಿಮ್ಮ ಅಕ್ಷರ ನಿಮಗೇ ಓದಲು ಬರುವುದಿಲ್ಲ. 'ಪಾಪ', 'ಮುಗ್ಧ', 'ನಿಷ್ಕಲ್ಮಷ' ಎಂಬ ಪದಗಳನ್ನು ಕಂಡಲ್ಲಿ ಹೊಡೆದುಹಾಕಿ. ಕಾಣದ್ದನ್ನು ಊಹಿಸಿ ತುಂಬಬೇಡಿ, ಸೊನ್ನೆ ಹಾಕಿ ಬಿಡಿ. ಕಲ್ಪನೆಯ ಸರದಿ ಕಥೆ ಬರೆಯುವಾಗ ಬರುತ್ತದೆ, ಆಗ ಆ ಸೊನ್ನೆಗಳೇ ಬಾಗಿಲು ತೆರೆಯುತ್ತವೆ.

ಆಮೇಲೆ ಮುಚ್ಚಿಡಿ. ಸಿಪ್ಪೆಸಹಿತ ಒಣಗಿಸುವ ಚಾಲಿ ಅಡಿಕೆಗೆ ಸುಮಾರು 40 ದಿನಗಳ ಬಿಸಿಲು ಬೇಕಾದಂತೆ ಟಿಪ್ಪಣಿಗೂ ಅಷ್ಟು ಸಮಯ ಕೊಡಿ.

ಕಥೆಯಾಗಿಸುವಾಗ ಹೆಸರು ಬದಲಿಸಿದರೆ ಸಾಲದು. ಪೇಟೆಯಲ್ಲಿ ಇರುವುದೇ ಇಬ್ಬರು ಟೈಲರುಗಳಾದರೆ ಹೆಸರು ಏನೇ ಇಟ್ಟರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಟೈಲರನನ್ನು ವಾಚ್ ರಿಪೇರಿಯವನನ್ನಾಗಿ ಮಾಡಿ, ಊರನ್ನೂ ಬದಲಿಸಿ, ಮಾತನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಿ.