ಸರ್ಚ್‌ನಲ್ಲಿ ಸಿಗದ ಕನ್ನಡ ಕಡತಗಳು ಸಿಗತೊಡಗಿದ್ದು ಹೇಗೆ: ನನ್ನ ಅನುಭವ

ಕಳೆದ ತಿಂಗಳು ಸಾಲ ವಿಭಾಗದ ಮೇಡಂ ಒಬ್ಬರು ಸರ್ಚ್ ಬಾಕ್ಸಿನಲ್ಲಿ ಒಂದು ಸರ್ವೆ ನಂಬರ್ ಹಾಕಿದರು. ಎರಡು ಸೆಕೆಂಡಿನಲ್ಲಿ ಹನ್ನೊಂದು ಕಡತ ಬಂದವು. 2003ರ ಅಡಮಾನ ಪತ್ರ, ಅದರ ಠರಾವು, ಸಾಲ ತೀರಿದ ಮೇಲೆ ಕೊಟ್ಟ ಪತ್ರ, ಎಲ್ಲವೂ. "ಇದು ನಮ್ಮ ಹಳೇ ಸಾಫ್ಟ್‌ವೇರೇನಾ ಸರ್?" ಅಂತ ಕೇಳಿದರು. ಹೌದು, ಅದೇ ಸಾಫ್ಟ್‌ವೇರ್, ಅದೇ ಸರ್ವರ್. ಹೊಸ ಲೈಸೆನ್ಸಿಗೆ ಒಂದು ರೂಪಾಯಿಯೂ ಹೋಗಿಲ್ಲ. ಆ ದಿನವೇ ಇದನ್ನು ಬರೆಯಬೇಕು ಅಂದುಕೊಂಡೆ.

ನಮ್ಮದು ಉತ್ತರ ಕರ್ನಾಟಕದ ಒಂದು ಸಹಕಾರಿ ಸಂಸ್ಥೆ. ಡಿಎಂಎಸ್‌ನಲ್ಲಿ (ಕಡತಗಳನ್ನು ಕಂಪ್ಯೂಟರಿನಲ್ಲಿ ಇಟ್ಟು ಹುಡುಕುವ ಸಾಫ್ಟ್‌ವೇರ್) ಸುಮಾರು ಎರಡೂವರೆ ಲಕ್ಷ ಕಡತ ಇವೆ. ಒಳಗೆ ಸರ್ಚ್‌ಗೆ ಸೋಲರ್, ಫೈಲಿನಿಂದ ಪಠ್ಯ ತೆಗೆಯಲು ಟೀಕಾ. ಇಂಗ್ಲಿಷ್ ಕಡತ ಚೆನ್ನಾಗಿ ಸಿಗುತ್ತಿದ್ದವು. ಕನ್ನಡದ್ದು ಹತ್ತು ಸಲ ಹುಡುಕಿದರೆ ಎರಡು ಸಲ ಸಿಕ್ಕರೆ ಜಾಸ್ತಿ. ಜನ ಮತ್ತೆ ಕಪಾಟಿನ ಕಡೆಗೇ ಹೋಗತೊಡಗಿದ್ದರು. ಒಬ್ಬ ಮಾರಾಟಗಾರರು ಬಂದು, ಕನ್ನಡಕ್ಕೆ ಬೇರೆಯೇ ಮಾಡ್ಯೂಲ್ ಬೇಕು, 16 ಲಕ್ಷ ಆಗುತ್ತದೆ ಅಂದರು. ಅದರ ಮೇಲೆ ಶೇ. 18 ಜಿಎಸ್‌ಟಿ. ನಾನು ಮೂರು ತಿಂಗಳು ಸಮಯ ಕೇಳಿದೆ. ಮೀಟಿಂಗ್‌ನಲ್ಲಿ ಯಾರೂ ನಂಬಲಿಲ್ಲ. "ಕನ್ನಡ ಸರ್ಚ್ ಅಷ್ಟೇ ರೀ, ಅದು ಆಗೋದಲ್ಲ" ಅಂದವರಲ್ಲಿ ನಮ್ಮ ವಿಭಾಗದವರೂ ಇದ್ದರು.

ಮೊದಲ ತಿಂಗಳು ಪೂರ್ತಿ ಹಾಳಾಯಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಪೂರ್ತಿ ರೀಇಂಡೆಕ್ಸ್, ಅಂದರೆ ಯಾವ ಪದ ಯಾವ ಕಡತದಲ್ಲಿದೆ ಅನ್ನುವ ಪಟ್ಟಿಯನ್ನು (ಇಂಡೆಕ್ಸ್) ಮೊದಲಿನಿಂದ ಕಟ್ಟುವುದು. ಶುಕ್ರವಾರ ಸಂಜೆ ಶುರು ಮಾಡಿದರೆ ಭಾನುವಾರ ಮಧ್ಯಾಹ್ನ ಮುಗಿಯುತ್ತಿತ್ತು. ಮೂರು ವಾರ ಹೀಗೇ ಹೋಯಿತು. ಮೆಮೊರಿ ಸಾಲದೇನೋ ಅಂತ 38 ಸಾವಿರ ಕೊಟ್ಟು ರ್‍ಯಾಮ್ ಹಾಕಿಸಿದೆ. ಸರ್ಚ್ ಬೇಗ ಉತ್ತರ ಕೊಡತೊಡಗಿತು. ಆದರೆ ಆ ಉತ್ತರ "ಏನೂ ಸಿಗಲಿಲ್ಲ" ಅಂತಲೇ. ಆ 38 ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು ಕ್ವೆರಿ (ಹುಡುಕಲು ಟೈಪ್ ಮಾಡುವ ಪದ) ನೋಡುವುದನ್ನು ಬಿಟ್ಟು ಇಂಡೆಕ್ಸಿನೊಳಗೆ ಇರುವ ಪದಗಳನ್ನೇ ನೋಡಿದಾಗ. ಸೋಲರ್ ಅಡ್ಮಿನ್‌ನ ಸ್ಕೀಮಾ ಬ್ರೌಸರಿನಲ್ಲಿ ಟರ್ಮ್ ಇನ್ಫೋ ತೆಗೆದೆ, ಹೆಚ್ಚು ಬಂದಿರುವ ಪದಗಳ ಪಟ್ಟಿ ಅದು. ನಮ್ಮ ಕಡತಗಳಲ್ಲಿ "ಸಾಲ", "ಅರ್ಜಿ", "ಅಡಮಾನ" ಮೇಲೆ ಬರಬೇಕಿತ್ತು, ಅಲ್ವಾ? ಬಂದದ್ದು ತಲೆಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗುಂಪು. ನೋಡಿದ ಕೂಡಲೇ ಗೊತ್ತಾಯಿತು, ಇದು ನುಡಿ ಮತ್ತು ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಆಸ್ಕಿ ಫಾಂಟಿನ ಪಠ್ಯ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಫೈಲಿನೊಳಗೆ ಕನ್ನಡವೇ ಇಲ್ಲ. ಮಾರಾಟಗಾರರ ಮಾಡ್ಯೂಲ್ ಹಾಕಿದ್ದರೂ ಇಲ್ಲದ ಅಕ್ಷರವನ್ನು ಅದು ಎಲ್ಲಿಂದ ಹುಡುಕಬೇಕು?

ಆಸ್ಕಿಯಿಂದ ಯೂನಿಕೋಡಿಗೆ (ಕನ್ನಡ ಅಕ್ಷರವನ್ನು ಫೈಲಿನೊಳಗೂ ಕನ್ನಡವಾಗಿಯೇ ಇಡುವ ಪದ್ಧತಿ) ಬದಲಾಯಿಸುವ ಸ್ಕ್ರಿಪ್ಟ್ ಬೇಕಾದಷ್ಟಿವೆ. ಟೀಕಾ ತೆಗೆದ ಪಠ್ಯಕ್ಕೆ ಒಂದನ್ನು ಹಚ್ಚಿದೆ. ಅದು ಎರಡನೇ ಸೋಲು. ನಮ್ಮ ಕಡತಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಇರುತ್ತದೆ: ಕಂಪನಿ ಹೆಸರು, ಐಎಫ್‌ಎಸ್‌ಸಿ ಕೋಡ್, ಪ್ಯಾನ್ ನಂಬರ್. ಟೀಕಾ ಪಠ್ಯ ಕೊಡುವಾಗ ಯಾವ ತುಂಡು ಯಾವ ಫಾಂಟಿನಲ್ಲಿತ್ತು ಅನ್ನುವುದು ಕಳೆದುಹೋಗಿರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಇಂಗ್ಲಿಷನ್ನೂ ಕನ್ನಡ ಮಾಡಿಬಿಟ್ಟಿತು. ಅಲ್ಲಿಯವರೆಗೆ ಸಿಗುತ್ತಿದ್ದ ಇಂಗ್ಲಿಷ್ ಕಡತಗಳೂ ಮಾಯ! ಮ್ಯಾನೇಜರ್ ಸಾಹೇಬರು ಕರೆಸಿ ಬೈದರು. ಬೈಸಿಕೊಂಡೆ, ತಪ್ಪು ನನ್ನದೇ.

ಸರಿಯಾದ ಜಾಗ ಟೀಕಾಕ್ಕಿಂತ ಮುಂಚಿನದು. ಡಾಕ್ಸ್ ಫೈಲಿನಲ್ಲಿ (ವರ್ಡ್ ಫೈಲಿನ ಹೊಸ ರೂಪ) ಸಾಮಾನ್ಯವಾಗಿ ಪ್ರತಿ ತುಂಡು ಪಠ್ಯದ ಜೊತೆ ಫಾಂಟಿನ ಹೆಸರು ಇರುತ್ತದೆ. ಅದು ನುಡಿಯೋ ಬರಹವೋ ಆಗಿದ್ದರೆ ಬದಲಾಯಿಸು, ಇಲ್ಲದಿದ್ದರೆ ಮುಟ್ಟಬೇಡ. ಹಳೇ ಡಾಕ್ ಫೈಲುಗಳನ್ನು ಲಿಬ್ರೆ ಆಫೀಸಿನಲ್ಲಿ ರಾತ್ರಿ ಸಾಲಾಗಿ ಡಾಕ್ಸ್ ಮಾಡಿಕೊಂಡೆ. ಆದರೂ ಸುಮಾರು ಕಾಲು ಭಾಗ ಬದಲಾಗಲಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕೆಲವು ಫೈಲುಗಳಲ್ಲಿ ಫಾಂಟ್ ತುಂಡಿನ ಜೊತೆ ಇಲ್ಲ, ಸ್ಟೈಲಿನಲ್ಲಿದೆ. ಸ್ಟೈಲನ್ನೂ ಹಿಂಬಾಲಿಸಿದ ಮೇಲೆ ಸರಿಯಾಯಿತು. ಪಿಡಿಎಫ್‌ನಲ್ಲಿ ಹಳೇ ಫಾಂಟ್ ಇದೆಯೇ ಅಂತ ತಿಳಿಯಲು ಪಿಡಿಎಫ್‌ಫಾಂಟ್ಸ್ ಅನ್ನುವ ಸಾಧನ ಸಾಕು, ಅದು ಒಳಗಿರುವ ಫಾಂಟ್ ಪಟ್ಟಿ ಕೊಡುತ್ತದೆ. ಹೆಸರಿನ ಶುರುವಿನಲ್ಲಿ ಹೆಚ್ಚಾಗಿ ಆರು ಇಂಗ್ಲಿಷ್ ದೊಡ್ಡಕ್ಷರ ಮತ್ತು ಕೂಡಿಸುವ ಚಿಹ್ನೆ (+) ಅಂಟಿರುತ್ತದೆ. ಅದನ್ನು ಕತ್ತರಿಸಿ ಹೋಲಿಸಿ.

ಬದಲಾಯಿಸಿದ ಮೇಲೆ "ಅರ್ಜಿ" ಹುಡುಕಿದೆ. ಬಂದದ್ದು ಯೂನಿಕೋಡಿನಲ್ಲೇ ಟೈಪಾದ ಹೊಸ ಕಡತಗಳು ಮಾತ್ರ. ಇಂಡೆಕ್ಸ್ ನೋಡಿದರೆ "ಅಜಿರ್". "ಕಾರ್ಯದರ್ಶಿ" ಬದಲು "ಕಾಯರ್ದಶಿರ್". ಈ ಕಾಯಿಲೆ ನೀವೂ ನೋಡಿರುತ್ತೀರಿ. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ನಾನು ಹಿಡಿದಿದ್ದ ಸ್ಕ್ರಿಪ್ಟ್ ಅದನ್ನು ಹಿಂದಕ್ಕೆ ಒಯ್ಯುತ್ತಲೇ ಇರಲಿಲ್ಲ. ಗುಣಿತ, ಒತ್ತಕ್ಷರ ಸೇರಿ ಪೂರ್ತಿ ಅಕ್ಷರಗುಚ್ಛ ದಾಟಿ ಹಿಂದೆ ಹೋಗುವಂತೆ ನಾನೇ ಹೊಸದಾಗಿ ಬರೆದೆ. ಸುಮಾರು ಎರಡು ಸಾವಿರ ಪದ ಕೈಯಾರೆ ಪರೀಕ್ಷೆ ಮಾಡಿದೆ, ತಪ್ಪಿದ್ದು ಹತ್ತರ ಒಳಗೆ. ನನ್ನ ಸ್ಕ್ರಿಪ್ಟ್‌ನಷ್ಟು ಚೊಕ್ಕ ಕೆಲಸ ಮಾಡುವುದನ್ನು ನಾನು ಇನ್ನೂ ನೋಡಿಲ್ಲ.

ಯೂನಿಕೋಡಿಗೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅನ್ನುವಂತಿಲ್ಲ. "ಕೋ" ಒಂದೇ ಗುಣಿತ ಚಿಹ್ನೆಯಾಗಿ ಬರಬಹುದು, ಮೂರು ಚಿಹ್ನೆ ಒಂದರ ಹಿಂದೆ ಒಂದು ಸೇರಿಯೂ ಬರಬಹುದು. ಕಣ್ಣಿಗೆ ಒಂದೇ, ಸೋಲರಿಗೆ ಬೇರೆ ಬೇರೆ. ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ, ಅಂದರೆ ಎಲ್ಲವನ್ನೂ ಯೂನಿಕೋಡಿನ ಒಂದೇ ರೂಪಕ್ಕೆ ತಂದರೆ, ಇದು ಮುಗಿಯಿತು. "ರಾಜ್‌ಕುಮಾರ್" ನಡುವೆ ಜಾಯ್ನರ್ (ಅಕ್ಷರ ಕೂಡಬೇಕೋ ಬೇಡವೋ ಹೇಳುವ, ಕಣ್ಣಿಗೆ ಕಾಣದ ಚಿಹ್ನೆ) ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಅವನ್ನು ಕ್ಯಾರೆಕ್ಟರ್ ಫಿಲ್ಟರಿನಲ್ಲೇ (ಪದ ಬಿಡಿಸುವ ಮುಂಚೆ ಅಕ್ಷರ ತಿದ್ದುವ ಹಂತ) ಕಿತ್ತುಹಾಕಿ. ಇಂಡೆಕ್ಸ್ ಕಡೆಗೂ ಕ್ವೆರಿ ಕಡೆಗೂ ಹಾಕಬೇಕು. ಒಂದೇ ಕಡೆ ಹಾಕಿ ನಾನು ಒಂದು ವಾರ ಕಳೆದುಕೊಂಡೆ. ಪರದೆಯಲ್ಲಿ ತೋರಿಸುವ ಪಠ್ಯ ಇದರಿಂದ ಕೆಡುವುದಿಲ್ಲ, ಚಿಂತೆ ಬೇಡ.

ಎಲ್ಲಕ್ಕಿಂತ ಕಾಡಿದ್ದು ಸೊನ್ನೆ. ಕನ್ನಡದ ೦ ಮತ್ತು ಅನುಸ್ವಾರದ ಂ ಬಹಳ ಫಾಂಟುಗಳಲ್ಲಿ ಅವಳಿ ಜವಳಿ. ಟೈಪ್ ಮಾಡುವವರು "ಸ೦ಘ" ಅಂತ ಸೊನ್ನೆ ಹಾಕಿರುತ್ತಾರೆ. ಓಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್) ತಿರುವು ಮುರುವು ಮಾಡಿ "೧೦೦"ರಲ್ಲಿ ಅನುಸ್ವಾರ ಹಾಕುತ್ತದೆ. ಅಕ್ಕಪಕ್ಕ ಏನಿದೆ ಅಂತ ನೋಡಿ ತೀರ್ಮಾನಿಸುವ ಒಂದು ನಿಯಮ ಬರೆದೆ. ಅಂಕಿಯ ಪಕ್ಕ ಇದ್ದರೆ ಸೊನ್ನೆ, ಅಕ್ಷರ ಆದಮೇಲೆ ಬಂದಿದ್ದರೆ ಅನುಸ್ವಾರ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. "ನಂ.೦೪" ತರಹದ್ದನ್ನು ಹೇಗೆ ಬಿಡಿಸಿದೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಕನ್ನಡ ಅಂಕಿಗಳನ್ನೆಲ್ಲ ಡೆಸಿಮಲ್ ಡಿಜಿಟ್ ಫಿಲ್ಟರ್ 0ಯಿಂದ 9ಕ್ಕೆ ತಂದುಬಿಡುತ್ತದೆ. ಅದು ಲೂಸೀನ್ (ಸೋಲರಿನ ಒಳಗಿರುವ ಸರ್ಚ್ ಎಂಜಿನ್) ಜೊತೆಗೇ ಬರುತ್ತದೆ, ಬಳಸಿ.

ಈಗ ಸರ್ವೆ ನಂಬರ್. ನಮ್ಮಲ್ಲಿ ದಿನದ ಹುಡುಕಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಒಂದೇ ಜಮೀನನ್ನು ಸ.ನಂ., ಸರ್ವೆ ನಂಬರ್, ರಿ.ಸ.ನಂ. ಅಂತ ಬೇರೆ ಬೇರೆ ಕಡೆ ಬರೆದಿರುತ್ತಾರೆ. ಹಿಸ್ಸಾ 45/2ಅ ಅಂತ ಒಂದು ಕಡೆ, 45-2ಅ ಅಂತ ಇನ್ನೊಂದು ಕಡೆ. ಪಠ್ಯವನ್ನು ಪದಗಳಾಗಿ ಬಿಡಿಸುವ ಟೋಕನೈಸರ್ ಅದನ್ನು ಚೂರು ಮಾಡುತ್ತದೆ. ಅದರ ಮೇಲೆ ಕ್ವೆರಿಯಲ್ಲಿ ಓರೆಗೆರೆ ಬಂದರೆ ಕ್ವೆರಿ ಓದುವ ಲೂಸೀನ್ ಪಾರ್ಸರ್ ಅದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ (ಪ್ಯಾಟರ್ನ್ ಹಾಕಿ ಹುಡುಕುವ ಸೂತ್ರ) ಶುರು ಅಂತ ತಿಳಿಯುತ್ತದೆ. 45/2 ಹಾಕಿದವರಿಗೆ ಎರರ್, 45/2/1 ಹಾಕಿದವರಿಗೆ ಸಂಬಂಧವೇ ಇಲ್ಲದ ಕಡತ. ಲಾಗ್ ತೆಗೆದು ನೋಡಿದರೆ ಎರಡು ವರ್ಷದಿಂದ ಈ ಎರರ್ ಬೀಳುತ್ತಲೇ ಇತ್ತು, ಯಾರೂ ಓದಿರಲಿಲ್ಲ. ನಾನು ಪಠ್ಯದಿಂದ ಸರ್ವೆ ನಂಬರುಗಳನ್ನು ಪ್ಯಾಟರ್ನ್ ಹಾಕಿ ಹೆಕ್ಕಿ, ಒಂದೇ ರೂಪಕ್ಕೆ ತಂದು ಬೇರೆ ಫೀಲ್ಡಿನಲ್ಲಿ ಇಟ್ಟೆ. ಅದರ ಜೊತೆ ಊರಿನ ಹೆಸರು ಕಡ್ಡಾಯ, ಯಾಕೆಂದರೆ 45/2 ಪ್ರತಿ ಊರಿನಲ್ಲೂ ಇರುತ್ತದೆ. ಇದೊಂದರಿಂದಲೇ ದೂರುಗಳು ಅರ್ಧಕ್ಕೆ ಇಳಿದವು.

ವಿಭಕ್ತಿ ಪ್ರತ್ಯಯದ ಕಥೆ ಬೇರೆ. "ಅಡಮಾನ" ಹುಡುಕಿದರೆ ಅಡಮಾನಕ್ಕೆ, ಅಡಮಾನದಲ್ಲಿ, ಅಡಮಾನವನ್ನು ಸಿಗಬೇಕು. ಲೂಸೀನ್‌ನಲ್ಲಿ ಹಿಂದಿಗೆ, ಬಂಗಾಳಿಗೆ ಸ್ಟೆಮ್ಮರ್ (ಪ್ರತ್ಯಯ ಕತ್ತರಿಸಿ ಮೂಲ ಪದ ಉಳಿಸುವ ಸಾಧನ) ಇದೆ, ಕನ್ನಡಕ್ಕೆ ಇಲ್ಲ. ಮೊದಲು ಎಡ್ಜ್ ಎನ್‌ಗ್ರಾಮ್ ಹಾಕಿ ನೋಡಿದೆ, ಅದು ಪ್ರತಿ ಪದದ ಮೊದಲ ತುಣುಕುಗಳನ್ನೂ ಇಂಡೆಕ್ಸಿಗೆ ಸೇರಿಸುತ್ತದೆ. ಒಂಬತ್ತು ಜಿಬಿ ಇದ್ದ ಇಂಡೆಕ್ಸ್ ಇಪ್ಪತ್ತೈದು ದಾಟಿ ಡಿಸ್ಕ್ ತುಂಬಿ, ಸೋಮವಾರ ಬೆಳಿಗ್ಗೆ ಡಿಎಂಎಸ್ ನಿಂತೇಹೋಯಿತು. ಸಂಜೆಯವರೆಗೆ ಯಾವ ಶಾಖೆಗೂ ಕಡತ ಇಲ್ಲ. ಆಮೇಲೆ ಪ್ರತ್ಯಯ ಕತ್ತರಿಸುವ ಪಟ್ಟಿ ನಾನೇ ಮಾಡಿದೆ. ಮೊದಲ ಪಟ್ಟಿ "ಸಾಲದ"ದ ದ ಕತ್ತರಿಸಿತು, ಜೊತೆಗೆ "ಗೋವಿಂದ"ನ ದ ಕೂಡ! ಸಾಲಗಾರರ ಹೆಸರುಗಳನ್ನೆಲ್ಲ ಒಂದು ರಕ್ಷಣಾ ಪಟ್ಟಿಗೆ ಸೇರಿಸಿ ಅವನ್ನು ಮುಟ್ಟದಂತೆ ಮಾಡಿದೆ. ಈಗ ನಲವತ್ತು ಚಿಲ್ಲರೆ ಪ್ರತ್ಯಯ ಇವೆ. ಯಾವುದನ್ನು ಮೊದಲು ಕತ್ತರಿಸಬೇಕು ಅನ್ನುವ ಕ್ರಮದಲ್ಲೇ ಎಲ್ಲ ಇದೆ. ಆ ಕ್ರಮ ಇಲ್ಲಿ ಹಾಕುವುದಿಲ್ಲ, ತುಂಬ ರಾತ್ರಿ ನಿದ್ದೆಗೆಟ್ಟು ಕಟ್ಟಿದ್ದು.

ಸ್ಕ್ಯಾನ್ ಕಡತಗಳಿಗೆ ಟೆಸರಾಕ್ಟ್ ಅನ್ನುವ ಓಸಿಆರ್. ಇಲ್ಲಿ ಒಂದು ಬಲೆ ಇದೆ. ನಮ್ಮ ಸ್ಕ್ಯಾನರ್ ತಾನೇ ಓಸಿಆರ್ ಮಾಡುತ್ತದೆ, ಭಾಷೆ ಇಂಗ್ಲಿಷ್ ಅಂತ ಇತ್ತು. ಕನ್ನಡ ಪುಟದ ಹಿಂದೆ ಅರ್ಥವಿಲ್ಲದ ಇಂಗ್ಲಿಷ್ ಪಠ್ಯ ಕೂತಿತ್ತು. "ಪಠ್ಯ ಇದೆಯಲ್ಲ" ಅಂತ ನಮ್ಮ ಓಸಿಆರ್ ಅವನ್ನೆಲ್ಲ ಬಿಟ್ಟು ಮುಂದೆ ಹೋಗುತ್ತಿತ್ತು. ಹಳೇ ಪದರ ಕಿತ್ತು ಮತ್ತೆ ಓದಿಸಿದೆ. ತರಬೇತಿ ಕೋಣೆಯ ನಾಲ್ಕು ಡೆಸ್ಕ್‌ಟಾಪ್ ರಾತ್ರಿ ಖಾಲಿ ಇರುತ್ತವೆ, ಅವನ್ನೇ ಬಳಸಿದೆ. ಪುಟಕ್ಕೆ ಏಳೆಂಟು ಸೆಕೆಂಡ್, ಒಟ್ಟು ಆರು ಲಕ್ಷ ಪುಟ, ಕರೆಂಟ್ ಹೋಗಿದ್ದೂ ಸೇರಿ ಮೂರು ವಾರ. ಒಂದೇ ಮಷೀನಿನಲ್ಲಿ ಮೂರು ನಾಲ್ಕು ಪ್ರೊಸೆಸ್ ಓಡಿಸುವುದಾದರೆ ಓಎಂಪಿ ಥ್ರೆಡ್ ಲಿಮಿಟ್ (OMP_THREAD_LIMIT) ಅನ್ನುವ ಸೆಟ್ಟಿಂಗನ್ನು 1 ಮಾಡಿ, ಇಲ್ಲದಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. 200 ಡಿಪಿಐ (ಸ್ಕ್ಯಾನಿನ ಸೂಕ್ಷ್ಮತೆಯ ಅಳತೆ) ಪುಟಗಳಲ್ಲಿ ಬ-ಭ, ದ-ಧ ಗೊಂದಲ ತುಂಬ. 300ರಲ್ಲಿ ಬಹಳ ಕಡಿಮೆ. ಮುಖ್ಯ ಕಡತಗಳನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿಸಿದೆ.

ದಪ್ಪ ನಡಾವಳಿ ಪುಸ್ತಕಗಳ ಹಿಂದಿನ ಪುಟಗಳು ಮಾತ್ರ ಯಾಕೋ ಸಿಗುತ್ತಿರಲಿಲ್ಲ. ಟೀಕಾ ಹ್ಯಾಂಡ್ಲರಿನ ಡೀಫಾಲ್ಟ್ ಮಿತಿ ಒಂದು ಲಕ್ಷ ಅಕ್ಷರ. ಅದನ್ನು ತೆಗೆದೆ, ಸಿಕ್ಕವು. ಇನ್ನು ಕೆಲವು ಕಡತ ನನಗೆ ಸಿಗುತ್ತವೆ, ಶಾಖೆಯವರಿಗೆ ಸಿಗುವುದಿಲ್ಲ. ಅದು ಪರ್ಮಿಷನ್. ಫೋಲ್ಡರ್ ಸರಿಸುವಾಗ ಮೇಲಿನ ಫೋಲ್ಡರಿನ ಹಕ್ಕು ಬರುವುದು ನಿಂತಿತ್ತು. ದೂರು ಬಂದರೆ ಮೊದಲು ಅವರ ಲಾಗಿನ್‌ನಲ್ಲೇ ಹುಡುಕಿ ನೋಡಿ.

ನಡುವೆ ಒಂದು ವಾರ ವೆಕ್ಟರ್ ಸರ್ಚನ್ನೂ (ಪದದ ಬದಲು ಅರ್ಥದ ಹೋಲಿಕೆ ನೋಡಿ ಹುಡುಕುವುದು) ಹಾಕಿ ನೋಡಿದೆ. "ಬೆಳೆ ಹಾಳಾಗಿ ಸಾಲ ಮುಂದೂಡಿದ್ದು" ಅಂತ ಬರೆದರೆ ಬೇರೆ ಪದಗಳಲ್ಲಿರುವ ಠರಾವುಗಳೂ ಬಂದವು, ಖುಷಿಯಾಯಿತು. ಆದರೆ ಅದಕ್ಕೆ 45/2 ಮತ್ತು 45/3 ಹೆಚ್ಚು ಕಡಿಮೆ ಒಂದೇ. ಜಮೀನಿನ ಕೆಲಸಕ್ಕೆ ಇದು ಅಪಾಯ. ಪಕ್ಕಕ್ಕಿಟ್ಟೆ. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದರೆ ಕನ್ನಡದ್ದು ಬರುವ ಹಾಗೆ ಉಚ್ಚಾರಣೆಯ ಕೀಲಿ ಒಂದನ್ನೂ ಮಾಡಿದ್ದೇನೆ. ಶಿವಪ್ಪ, ಬಸಪ್ಪ ಚೆನ್ನಾಗಿ ಬರುತ್ತಾರೆ, ಲ-ಳ ಇರುವ ಹೆಸರುಗಳು ಇನ್ನೂ ಕೈ ಕೊಡುತ್ತಿವೆ.

ಖರ್ಚು ಹೇಳಬೇಕಲ್ಲ. ದಂಡವಾದ ರ್‍ಯಾಮ್ 38 ಸಾವಿರ, ಡಿಸ್ಕಿಗೆ ಅರವತ್ತು ಸಾವಿರದ ಆಸುಪಾಸು, ಫಲಿತಾಂಶ ತಾಳೆ ನೋಡಲು ಇಬ್ಬರು ಡಿಗ್ರಿ ವಿದ್ಯಾರ್ಥಿಗಳಿಗೆ ಎರಡು ತಿಂಗಳಿಗೆ ಸುಮಾರು 45 ಸಾವಿರ. ಒಟ್ಟು ಒಂದೂವರೆ ಲಕ್ಷದ ಒಳಗೆ. ಆ ಕಡೆ ತೆರಿಗೆ ಸೇರಿ ಹತ್ತೊಂಬತ್ತು ಲಕ್ಷದ ಹತ್ತಿರ. ಮೂರು ತಿಂಗಳು ಅಂದದ್ದು ಐದಾಯಿತು, ನಿಜ. ನೂರು ನಿಜವಾದ ಹುಡುಕಾಟ ಇಟ್ಟುಕೊಂಡು ಅಳೆದಾಗ ಮೊದಲು ಇಪ್ಪತ್ತರ ಆಸುಪಾಸು ಸಿಗುತ್ತಿದ್ದವು, ಈಗ ತೊಂಬತ್ತರ ಹತ್ತಿರ.

ಸಿಗದೇ ಉಳಿದವುಗಳಲ್ಲಿ ಹೆಚ್ಚಿನವು ಕೈಬರಹದ ಲೆಡ್ಜರ್ ಮತ್ತು ಕಾರ್ಬನ್ ಪ್ರತಿಗಳು. ಕಾರ್ಬನ್ನಿನ ನೀಲಿಯನ್ನು ಬೇರೆ ಮಾಡಿ ಕಪ್ಪು ಮಾಡಿದರೆ ಟೆಸರಾಕ್ಟ್ ಸ್ವಲ್ಪ ಓದುತ್ತದೆ. ಕಳೆದ ಶನಿವಾರ ಮೂವತ್ತು ಪುಟ ಹಾಕಿ ನೋಡಿದೆ, ಹನ್ನೆರಡರಲ್ಲಿ ಸರ್ವೆ ನಂಬರ್ ಸರಿಯಾಗಿ ಬಂತು. ಈ ಶನಿವಾರ ಮುನ್ನೂರು ಪುಟ ಹಾಕುತ್ತಿದ್ದೇನೆ.