ಬೆಂಚಿನ ಕೊನೆಯಲ್ಲಿ ಕೂತು ಕಲಿತ ಆಟ

ನಾನು ಭಾರತ ತಂಡಕ್ಕೆ ಆಡಿದವನಲ್ಲ. ಕ್ಯಾಂಪಿಗೂ ಯಾವತ್ತೂ ಕರೆ ಬರಲಿಲ್ಲ. ಆದರೂ ಮೂವತ್ತು ದಾಟುವವರೆಗೆ ಬ್ಯಾಸ್ಕೆಟ್‌ಬಾಲ್ ದುಡ್ಡಲ್ಲೇ ಬದುಕಿದೆ. ಈಗ ಮಂಡ್ಯದಲ್ಲಿ ಮಕ್ಕಳಿಗೆ ಅದೇ ಆಟ ಹೇಳಿಕೊಡುತ್ತೇನೆ. ಅದು ಹೇಗಾಯ್ತು ಅಂತ ಕೇಳುವವರು ಜಾಸ್ತಿ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಐಪಿಎಲ್ ತರಹದ್ದು ನಮ್ಮ ಆಟದಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿಲ್ಲ. 2015ರಲ್ಲಿ ಯುಬಿಎ ಅನ್ನುವ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು, 2017ರ ನಂತರ ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಅನ್ನುವ ಇನ್ನೊಂದು ಲೀಗ್ ಬಂತು. ಹಾಗಾಗಿ ನಮ್ಮ ಹುಡುಗರ ಕಣ್ಣೆಲ್ಲ ಕೋಟಾ ಕೆಲಸದ ಮೇಲೆ: ರೈಲ್ವೆ, ಆದಾಯ ತೆರಿಗೆ, ಬ್ಯಾಂಕು, ಸೈನ್ಯ. ರೈಲ್ವೆ ಕ್ರೀಡಾ ಕೋಟಾಗೆ ವಯಸ್ಸು 18ರಿಂದ 25. ಅಷ್ಟರೊಳಗೆ ಸಿಗಲಿಲ್ಲ ಅಂದರೆ ಆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ನೋಡಿಕೊಂಡು ಬೆಳೆದವರು ನಾವು. 2019ರಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.

ಕೋಟಾ ಸಿಗದವರು ಎರಡು ತರ ಆಡುತ್ತಾರೆ. ಒಂದು ಸ್ಟೈಪೆಂಡ್. ತಂಡದವರು ಒಂದು ಸೀಸನ್‌ಗೆ ತಿಂಗಳಿಗಿಷ್ಟು ಅಂತ ಕೊಟ್ಟು, ಶೂ, ಕಿಟ್ ಕೊಡಿಸಿ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಗೆಸ್ಟ್. ಯಾವುದೋ ತಂಡದ ಆಟಗಾರನಿಗೆ ಪೆಟ್ಟಾಗಿದೆ, ಟೂರ್ನಿ ನಾಳಿದ್ದು ಇದೆ, ಫೋನ್ ಬರುತ್ತದೆ. ನಾನು ಜಾಸ್ತಿ ಆಡಿದ್ದು ಗೆಸ್ಟ್ ಆಗಿಯೇ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸು. ಕೊಯಮತ್ತೂರು, ಚೆನ್ನೈ, ಥೇಣಿ ಕಡೆಯ ಪೆರಿಯಕುಳಂ. ತಮಿಳುನಾಡಿನ ಸಣ್ಣ ಊರುಗಳಲ್ಲಿ ಸಂಜೆ ಲೈಟ್ ಹಾಕಿ ಆಡಿಸಿದರೆ ಜನ ಹೇಗೆ ಸೇರುತ್ತಾರೆ ಅಂತ ಇಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮಲ್ಲಿ ಕಬಡ್ಡಿಗೆ ಸೇರುವ ಜನ ಅಲ್ಲಿ ಬ್ಯಾಸ್ಕೆಟ್‌ಬಾಲಿಗೆ ಸೇರುತ್ತಾರೆ.

ಮಂಡ್ಯದಲ್ಲಿ ನಾನು ಉದ್ದದ ಹುಡುಗ. ಸೈನ್ಯದವರ ಸರ್ವಿಸಸ್ ತಂಡದ ಪಂಜಾಬಿಗಳ ಪಕ್ಕ ನಿಂತಾಗ ಗಿಡ್ಡ. ಡ್ರಿಬಲ್ ಮಾಡಿಕೊಂಡು ನುಗ್ಗುವ ವೇಗವೂ ಇರಲಿಲ್ಲ. ಹಾಗಾದರೆ ನನ್ನನ್ನು ಯಾಕೆ ಕರೆಯುತ್ತಿದ್ದರು? ಯಾವ ತಂಡದ ಸೆಟ್ ಆದರೂ, ಅಂದರೆ ಯಾರು ಎಲ್ಲಿ ಓಡಬೇಕು ಅಂತ ಮೊದಲೇ ಗೊತ್ತು ಮಾಡಿದ ಆಟ, ಒಂದು ಸಂಜೆಯಲ್ಲಿ ಕಲಿತುಬಿಡುತ್ತಿದ್ದೆ. ಸ್ಕ್ರೀನ್ ಹಾಕುತ್ತಿದ್ದೆ, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಿದ್ದೆ. ಕೋರ್ಟಿನ ಮೂಲೆಯಿಂದ ರಿಂಗಿಗೆ ಬಾಲ್ ಹಾಕುತ್ತಿದ್ದೆ. ಅಷ್ಟೇ.

ಮೂಲೆಗೂ ಒಂದು ಲೆಕ್ಕ ಇದೆ. 2010ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಮೂರು ಪಾಯಿಂಟ್ ಗೆರೆಯನ್ನು 6.25 ಮೀಟರ್‌ನಿಂದ 6.75ಕ್ಕೆ ತಳ್ಳಿತು. ಆ ಅರ್ಧ ಮೀಟರ್‌ಗೆ ಎಷ್ಟೋ ಶೂಟರ್‌ಗಳ ಕೈ ಬಿದ್ದುಹೋಯಿತು. ಆದರೆ ಕೋರ್ಟಿನ ಅಗಲ 15 ಮೀಟರ್ ಅಲ್ವಾ, ಮೂಲೆಯಲ್ಲಿ ಈ ಗೆರೆ ಕೋರ್ಟಿನ ಅಂಚಿನ ಗೆರೆಯಿಂದ 90 ಸೆಂಟಿಮೀಟರ್ ಒಳಗಿರಬೇಕು. ಅಂದರೆ ಅಲ್ಲಿ ರಿಂಗಿಗೆ ದೂರ 6.60 ಮಾತ್ರ. ಹದಿನೈದು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ, ಕಾಲಲ್ಲಿ ಶಕ್ತಿ ಇಲ್ಲದ ನಾಲ್ಕನೇ ಕ್ವಾರ್ಟರ್‌ನಲ್ಲಿ ಅದು ಗೊತ್ತಾಗುತ್ತದೆ.

ಬೆಂಚಿನ ಕೊನೆಯಲ್ಲಿ ಕೂತದ್ದೂ ದಂಡವಾಗಲಿಲ್ಲ. ಒಂದೊಂದು ತಂಡದಲ್ಲಿ ಒಬ್ಬೊಬ್ಬ ಕೋಚ್. ಒಬ್ಬರು ಟೈಮ್‌ಔಟ್‌ನಲ್ಲಿ ಬರೀ ಬೈಯುತ್ತಿದ್ದರು. ಇನ್ನೊಬ್ಬರು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಎರಡು ಗೆರೆ ಎಳೆದು ಸುಮ್ಮನಾಗುತ್ತಿದ್ದರು, ಹುಡುಗರು ಸರಿಹೋಗುತ್ತಿದ್ದರು. ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಮಂಡಿ ಕೈಕೊಟ್ಟ ಮೇಲೆ ಕೋಚ್‌ಗಳಿಗೆ ತರಬೇತಿ ಕೊಡುವ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದೆ. ಈಗ ಬೆಳಿಗ್ಗೆ ಶಾಲೆ, ಸಂಜೆ ಕೋರ್ಟು, ಏಪ್ರಿಲ್-ಮೇನಲ್ಲಿ ಬೇಸಿಗೆ ಶಿಬಿರ. ಆದಾಯ ಇಷ್ಟೇ ಅಂತ ಹೇಳಕ್ಕಾಗಲ್ಲ, ನಡೆಯುತ್ತದೆ.

ಚಿಕ್ಕ ಮಕ್ಕಳ ದೊಡ್ಡ ತಾಪತ್ರಯ ರಿಂಗ್. 3.05 ಮೀಟರ್ ಎತ್ತರಕ್ಕೆ ಒಂಬತ್ತು ವರ್ಷದ ಮಗು ಬಾಲನ್ನು ಸೊಂಟದಿಂದ ಎಸೆಯುತ್ತದೆ. ಆ ಎಸೆತ ಒಮ್ಮೆ ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಕಷ್ಟ. ಮಿನಿ ಬ್ಯಾಸ್ಕೆಟ್‌ಬಾಲಿನ ರಿಂಗ್ 2.60 ಮೀಟರ್, ಬಾಲ್ 5ನೇ ಸೈಜು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿಗೆ ರಿಂಗ್ ಕೂರಿಸಿ ಅದನ್ನೇ ಮಾಡಿಸಿದೆ. ಈಗ ಮಕ್ಕಳ ಮೊಣಕೈ ತಾನಾಗಿ ಬಾಲಿನ ಕೆಳಗೆ ಬರುತ್ತದೆ.

ದೊಡ್ಡ ಮಕ್ಕಳಿಗೆ ನಾನು ಮೊದಲು ಕಲಿಸುವುದು ಸ್ಕ್ರೀನ್. ಬಾಲ್ ಇರುವ ನಮ್ಮವನನ್ನು ತಡೆಯಲು ನಿಂತ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವುದು. ಎರಡೂ ಪಾದ ನೆಲಕ್ಕೆ ಊರಿರಬೇಕು, ಭುಜದಷ್ಟೇ ಅಗಲ. ಕೈ ಎದೆಗೆ ಅಂಟಿರಬೇಕು. ಅವನು ತಪ್ಪಿಸಿಕೊಂಡು ಹೋಗುವಾಗ ಸೊಂಟ ಸ್ವಲ್ಪ ತಳ್ಳಿದರೂ ಫೌಲ್. ಅವನ ಕಣ್ಣಿಗೆ ಬೀಳದ ಹಾಗೆ ಹಿಂದೆ ನಿಂತರೆ ಒಂದು ಹೆಜ್ಜೆ ಜಾಗ ಬಿಡಲೇಬೇಕು. ನಮ್ಮವನು ದಾಟಿದ ಕೂಡಲೇ ಬಾಲ್ ಕಡೆ ಮುಖ ಇಟ್ಟುಕೊಂಡೇ ತಿರುಗಿ ರಿಂಗ್ ಕಡೆ ಓಡಬೇಕು. ಬೆನ್ನು ತೋರಿಸಿ ಓಡಿದರೆ ಪಾಸ್ ಬಂದದ್ದೇ ಗೊತ್ತಾಗಲ್ಲ.

ಇದನ್ನು ಯಾರೂ ಖುಷಿಯಿಂದ ಮಾಡುವುದಿಲ್ಲ. ಎಲ್ಲರಿಗೂ ಬ್ಯಾಸ್ಕೆಟ್ ಹಾಕಬೇಕು. "ಸಾ, ಅವ್ನು ನಂಗೆ ಬಾಲೇ ಕೊಡಲ್ಲ" ಅನ್ನುವುದು ದಿನದ ದೂರು. ಅದಕ್ಕೆ ಒಂದು ನಿಯಮ ತಂದೆ. ಪ್ರಾಕ್ಟೀಸ್ ಮ್ಯಾಚಿನಲ್ಲಿ ಸ್ಕ್ರೀನಿನಿಂದ ಬ್ಯಾಸ್ಕೆಟ್ ಬಿದ್ದರೆ, ಸ್ಕ್ರೀನ್ ಹಾಕಿದವರ ಹೆಸರಿಗೂ ಒಂದು ಪಾಯಿಂಟ್. ಬೋರ್ಡಿನ ಮೇಲೆ ಬರೆಯುತ್ತೇನೆ. ಮದ್ದೂರು ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ಮಾತೇ ಆಡದವಳು, ಈಗ "ಎಡಕ್ಕೆ ಬಾ, ಎಡಕ್ಕೆ!" ಅಂತ ಬಾಲ್ ತರುವ ಗಾರ್ಡ್‌ಗೇ ಕೂಗಿ ಹೇಳುತ್ತಾಳೆ. ಪಟ್ಟಿಯಲ್ಲಿ ಅವಳೇ ಮೇಲೆ.

ಹೋದ ಸೀಸನ್ ನಮ್ಮ ಹುಡುಗನೊಬ್ಬನಿಗೆ ಹೊರಗಿನ ತಂಡದಿಂದ ಗೆಸ್ಟ್ ಕರೆ ಬಂತು. ಹೊರಡುವ ಮುಂಚೆ ಕೂರಿಸಿಕೊಂಡು ಹೇಳಿದೆ. ದುಡ್ಡು ಎಷ್ಟು, ಯಾವತ್ತು ಅನ್ನುವುದನ್ನು ಮೆಸೇಜಿನಲ್ಲಿ ಬರೆಸಿಕೋ. ನನಗೆ ಒಂದು ತಂಡ ಸ್ಟೈಪೆಂಡ್ ಅರ್ಧಕ್ಕೆ ನಿಲ್ಲಿಸಿದಾಗ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಟಿಕೆಟ್ ಅವರು ಮಾಡಿಸಿದ ಮೇಲೇ ಬ್ಯಾಗ್ ಕಟ್ಟು. ಕಾಲಿಗೆ ಸುತ್ತುವ ಟೇಪ್ ನಿನ್ನದೇ ಇರಲಿ. ಹೋದ ತಕ್ಷಣ ಕೋಚ್ ಹತ್ತಿರ ಸೆಟ್‌ಗಳ ಹೆಸರು ಕೇಳು, ರಾತ್ರಿ ಬರೆದುಕೋ. ಅವರ ಸ್ಟಾರ್‌ಗೆ ಬಾಲ್ ಯಾವ ಕೈಗೆ ಬೇಕು ಅಂತ ವಾರ್ಮ್‌ಅಪ್‌ನಲ್ಲೇ ನೋಡಿಕೋ.

ಮೊದಲ ಮ್ಯಾಚಿನಲ್ಲಿ ಅವನನ್ನು ಇಳಿಸಲೇ ಇಲ್ಲವಂತೆ. ಎರಡನೆಯದರಲ್ಲಿ ಒಬ್ಬರಿಗೆ ಫೌಲ್ ಜಾಸ್ತಿಯಾಗಿ ಸ್ವಲ್ಪ ಹೊತ್ತು ಆಡಿಸಿದರು, ಪಾಯಿಂಟ್ ಒಂದೂ ಇಲ್ಲ. ಮುಂದಿನ ಟೂರ್ನಿಗೆ ಮತ್ತೆ ಅವನನ್ನೇ ಕರೆದಿದ್ದಾರೆ. ಈ ಸಲ ರೇಟು ಎಷ್ಟು ಕೇಳಲಿ ಅಂತ ನೆನ್ನೆ ಫೋನ್ ಮಾಡಿದ್ದ.